ಒಂದೂಕಾಲು ಕೆಜಿ ಪ್ಲೇಟು

ಯಾವ ಜಿಮ್‌ಗೆ ಹೋದರೂ ಮೊದಲು ಪ್ಲೇಟುಗಳ ಸ್ಟ್ಯಾಂಡಿನ ಮುಂದೆ ಒಂದು ನಿಮಿಷ ನಿಂತು ನೋಡಬೇಕು. 20 ಕೆಜಿ ಪ್ಲೇಟುಗಳ ಅಂಚಿನಲ್ಲಿ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿರುತ್ತದೆ. 10 ಕೆಜಿಯವೂ ಅಷ್ಟೇ, 5 ಕೆಜಿಯವೂ ಅಷ್ಟೇ. ಎಲ್ಲಕ್ಕಿಂತ ಕೆಳಗಿನ ಗೂಟದಲ್ಲಿ ಅಂಗೈ ಅಗಲದ ಒಂದೂಕಾಲು ಕೆಜಿ ಪ್ಲೇಟು ಇರುತ್ತದೆ. ಅದರ ಬಣ್ಣ ಮಾತ್ರ ಅಂಗಡಿಯಿಂದ ಬಂದ ದಿನದ ಹಾಗೇ ಇರುತ್ತದೆ, ಮೇಲೊಂದಿಷ್ಟು ದೂಳು. ಎಷ್ಟೋ ಜಿಮ್‌ಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಜೋಡಿ ಸಿಗುವುದಿಲ್ಲ. ಎರಡು ಮೂರು ವರ್ಷ ಬೆವರು ಸುರಿಸಿಯೂ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ, ಪ್ಲೇಟು ಸಿಕ್ಕಿಸಿದ ರಾಡನ್ನು ಎದೆಯಿಂದ ಮೇಲೆತ್ತುವುದು) 50 ಕೆಜಿಯಿಂದ ಮೇಲೆ ಏರದೆ, ಕನ್ನಡಿಯಲ್ಲಿ ಮೈಕಟ್ಟು ಬದಲಾಗದೆ ಬೇಸತ್ತ ಗಂಡಸರ ಕಷ್ಟಕ್ಕೂ ಈ ದೂಳಿಗೂ ನೇರ ಸಂಬಂಧವಿದೆ.

ಲೆಕ್ಕ ಹಾಕಿ ನೋಡಿ. ಶೋಲ್ಡರ್ ಪ್ರೆಸ್‌ನಲ್ಲಿ (ರಾಡನ್ನು ಹೆಗಲಿನಿಂದ ತಲೆಯ ಮೇಲಕ್ಕೆ ತಳ್ಳುವುದು) 30 ಕೆಜಿಯನ್ನು ಐದು ಸಲ ಎತ್ತುವವರು ಮುಂದಿನ ಸಲ ಎರಡೂ ಕಡೆ ಎರಡೂವರೆ ಕೆಜಿ ಸೇರಿಸಿ 35ಕ್ಕೆ ಹೋಗುತ್ತಾರೆ. ಐದೇ ಕೆಜಿ ಅಲ್ಲವೇ ಅನ್ನಿಸುತ್ತದೆ. ಆದರೆ ಹೆಗಲಿಗೆ ಅದು ಒಮ್ಮೆಗೇ ಶೇ 16ಕ್ಕೂ ಮೀರಿದ ಏರಿಕೆ. ಐದು ಸಲ ಏಳುತ್ತಿದ್ದದ್ದು ಎರಡೇ ಸಲಕ್ಕೆ ನಿಲ್ಲುತ್ತದೆ, ಸೊಂಟ ಹಿಂದಕ್ಕೆ ಬಾಗುತ್ತದೆ, ಮರುವಾರ ಮತ್ತೆ 30ಕ್ಕೇ ವಾಪಸ್. ಒಂದೂಕಾಲು ಕೆಜಿಯ ಜೋಡಿ ಇದ್ದಿದ್ದರೆ ಏರಿಕೆ ಶೇ 8ರಷ್ಟು ಮಾತ್ರ. ಅರ್ಧ ಕೆಜಿಯ ಜೋಡಿ ಇದ್ದರೆ ಶೇ 3ರಷ್ಟು. ಡಂಬಲ್ಸ್‌ನ ಕತೆ ಇನ್ನೂ ಕಷ್ಟ: 10 ಕೆಜಿಯಿಂದ ಪಕ್ಕದ 12.5ಕ್ಕೆ ಕೈ ಹಾಕಿದರೆ ಅದು ಶೇ 25ರ ಜಿಗಿತ. ಅಷ್ಟು ಬೇಗ ಯಾವ ಸ್ನಾಯುವೂ ಬೆಳೆಯುವುದಿಲ್ಲ.

ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ರಾಡಿನ ಭಾರ ಒಂದೊಂದೇ ಕೆಜಿ ಏರಬಹುದು. ಅದಕ್ಕೆಂದೇ ಅಲ್ಲಿ ಅರ್ಧ ಕೆಜಿಯ ಪ್ಲೇಟುಗಳಿರುತ್ತವೆ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111, ಮೊದಲು ಹೆಗಲಿಗೆ ತಂದು ಆಮೇಲೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆಜಿ ಎತ್ತಿದ್ದರು. ತಮ್ಮ ಮೈತೂಕದ ಎರಡು ಪಟ್ಟಿಗೂ ಹೆಚ್ಚು ಭಾರವನ್ನು ತಲೆಯ ಮೇಲೆ ಹಿಡಿಯುವವರಿಗೂ ಒಂದೊಂದು ಕೆಜಿ ಲೆಕ್ಕಕ್ಕೆ ಬರುತ್ತದೆ. ಹೋದ ತಿಂಗಳು ಜಿಮ್ ಸೇರಿದವರು ಒಂದೇ ಏಟಿಗೆ ಐದು, ಹತ್ತು ಕೆಜಿ ಏರಿಸಲು ಹೊರಟರೆ ಕೀಲು ಕೇಳಬೇಕಲ್ಲ.

ಕೀಲಿನ ಮಾತು ಸುಮ್ಮನೆ ಹೇಳಿದ್ದಲ್ಲ. ಮೊದಲ ಐದಾರು ವಾರ ಬಲ ಹೆಚ್ಚುವುದು ಬಹುಪಾಲು ನರಗಳಿಂದ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ಮೆದುಳು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಆಮೇಲೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಇವೆರಡಕ್ಕಿಂತ ನಿಧಾನ, ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಾಗಾಗಿ ಎರಡನೇ ಮೂರನೇ ತಿಂಗಳಲ್ಲಿ, ಎಲ್ಲ ಚೆನ್ನಾಗಿ ನಡೆಯುತ್ತಿದೆ ಅನ್ನಿಸುವ ಹೊತ್ತಿಗೆ ಸರಿಯಾಗಿ, ಮೊಣಕೈ ಒಳಬದಿಯಲ್ಲೋ ಮಂಡಿಚಿಪ್ಪಿನ ಕೆಳಗೋ ನೋವು ಕಾಣಿಸಿಕೊಳ್ಳುತ್ತದೆ. ಹತ್ತಕ್ಕೆ ಮೂರರಷ್ಟು ನೋವಿದ್ದು, ಮರುದಿನದ ಹೊತ್ತಿಗೆ ಇಳಿದರೆ ಅದೇ ಭಾರದಲ್ಲಿ ಮುಂದುವರಿಯಬಹುದು. ಮರುದಿನವೂ ಉಳಿದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚಿದರೆ, ಭಾರ ಇಳಿಸಲೇಬೇಕು.

ಶುರು ಮಾಡುವ ಮೊದಲು ರಾಡನ್ನು ತೂಗಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕಾದದ್ದು ಇದೇ. ಒಲಿಂಪಿಕ್ ರಾಡು ಸುಮಾರು ಏಳು ಅಡಿ ಉದ್ದ, 20 ಕೆಜಿ ತೂಕ, ಪ್ಲೇಟು ಕೂರುವ ತುದಿ 50 ಮಿಲಿಮೀಟರ್ ದಪ್ಪ. ಬಡಾವಣೆಯ ಸಣ್ಣ ಜಿಮ್‌ಗಳಲ್ಲಿರುವ ತೆಳ್ಳನೆಯ ರಾಡು ಅದಲ್ಲ. ಐದಡಿಯದ್ದು ಏಳೆಂಟು ಕೆಜಿಯೂ ಇರಬಹುದು, ಆರಡಿಯದ್ದು ಹತ್ತು ದಾಟಲೂಬಹುದು. ಬಾಗಿದ ಕರ್ಲ್ ರಾಡಿನ ತೂಕ ಇನ್ನೊಂದು. ಮೈತೂಕ ನೋಡುವ ಯಂತ್ರದ ಮೇಲೆ ರಾಡು ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆದರೆ ಸಾಕು, ತೂಕ ಸಿಕ್ಕಿತು. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಹಾಗೆ ಮಾಡದಿದ್ದರೆ ಒಂದು ದಿನ ಈ ರಾಡು, ಇನ್ನೊಂದು ದಿನ ಆ ರಾಡು ಹಿಡಿದು 'ಇವತ್ತು ಯಾಕೋ ಆಗ್ತಿಲ್ಲ' ಎಂದು ಕೊರಗುವುದೇ ಆಗುತ್ತದೆ.

ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಸಾಕು. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಬೈಸೆಪ್ಸ್ ಎಂದು ಆರು ದಿನಕ್ಕೆ ಹಂಚುವ ಪದ್ಧತಿ ಹೊಸಬರಿಗೆ ಹೇಳಿದ್ದಲ್ಲ. ಅದರಲ್ಲಿ ಪ್ರತಿ ಸ್ನಾಯುವಿಗೂ ವಾರಕ್ಕೆ ಒಂದೇ ಸಲ ಕೆಲಸ, ಮನೆಯಲ್ಲಿ ಮದುವೆಯೋ ಆಫೀಸಿನಲ್ಲಿ ಆಡಿಟ್ಟೋ ಬಂದು ಎರಡು ದಿನ ತಪ್ಪಿದರೆ ಹದಿನೈದು ದಿನಕ್ಕೊಮ್ಮೆ ಆಗುತ್ತದೆ. ಅದರ ಬದಲು ಎರಡು ಪಟ್ಟಿ ಮಾಡಿಕೊಳ್ಳಿ. ಮೊದಲನೆಯದರಲ್ಲಿ ಹೆಗಲ ಮೇಲೆ ರಾಡು ಹೊತ್ತು ಕೂತೇಳುವ ಸ್ಕ್ವಾಟ್ 5 ರೆಪ್ಸ್‌ನ 3 ಸೆಟ್ (ಅಂದರೆ ಒಮ್ಮೆಗೆ ಐದು ಸಲ ಎತ್ತಿ ವಿರಮಿಸುವುದು, ಹೀಗೆ ಮೂರು ಸುತ್ತು), ಬೆಂಚ್ ಪ್ರೆಸ್ 5ರ 3 ಸೆಟ್, ಬಗ್ಗಿ ನಿಂತು ರಾಡನ್ನು ಹೊಟ್ಟೆಯತ್ತ ಎಳೆಯುವ ರೋ 8ರ 3 ಸೆಟ್. ಎರಡನೆಯದರಲ್ಲಿ ರಾಡನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ 5ರ 2 ಸೆಟ್, ನಿಂತು ಮಾಡುವ ಶೋಲ್ಡರ್ ಪ್ರೆಸ್ 5ರ 3 ಸೆಟ್, ಯಂತ್ರದ ಮೇಲಿನ ಕಂಬಿಯನ್ನು ಎದೆಯತ್ತ ಎಳೆಯುವ ಲ್ಯಾಟ್ ಪುಲ್‌ಡೌನ್ 10ರ 3 ಸೆಟ್, ಕೊನೆಗೆ ಮೊಣಕೈ ಊರಿ ಮೈಯನ್ನು ನೆಟ್ಟಗೆ ಹಿಡಿಯುವ ಪ್ಲ್ಯಾಂಕ್. ದಿನ ಬಿಟ್ಟು ದಿನ, ಒಂದಾದ ಮೇಲೆ ಒಂದು. ದೊಡ್ಡ ಸೆಟ್ಟುಗಳ ನಡುವೆ ಎರಡರಿಂದ ಮೂರು ನಿಮಿಷ ಕೂರಬೇಕು. ಮೂವತ್ತು ಸೆಕೆಂಡಿಗೇ ಎದ್ದರೆ ಮುಂದಿನ ಸೆಟ್ಟಿನಲ್ಲಿ ಸೋಲುವುದು ಉಸಿರು, ಸ್ನಾಯುವಲ್ಲ.

ಸ್ಕ್ವಾಟ್ ಅನ್ನು ಖಾಲಿ ಒಲಿಂಪಿಕ್ ರಾಡಿನಿಂದ ಶುರು ಮಾಡಿ ಪ್ರತಿ ಸಲ ಎರಡೂವರೆ ಕೆಜಿ, ಅಂದರೆ ಒಂದೂಕಾಲು ಕೆಜಿಯ ಒಂದು ಜೋಡಿ, ಸೇರಿಸುತ್ತಾ ಹೋದರೆ ಹನ್ನೆರಡು ವಾರದಲ್ಲಿ ಹದಿನೆಂಟು ಸಲ ಸ್ಕ್ವಾಟ್ ಆಗಿರುತ್ತದೆ. ಹದಿನೆಂಟನೆಯ ದಿನ ಹೆಗಲ ಮೇಲೆ 62.5 ಕೆಜಿ ಇರುತ್ತದೆ. ಮೊದಲ ಮೂರು ವಾರ ತೀರಾ ಹಗುರ ಅನ್ನಿಸುತ್ತದೆ, ಅನ್ನಿಸಲಿ. ಆ ಮೂರು ವಾರದಲ್ಲಿ ಭಂಗಿ ಕೂರುತ್ತದೆ. ಡೆಡ್‌ಲಿಫ್ಟ್‌ಗೆ ಮೊದಮೊದಲು ಪ್ರತಿ ಸಲ 5 ಕೆಜಿ ಏರಿಸಬಹುದು. ಶೋಲ್ಡರ್ ಪ್ರೆಸ್ ಎಲ್ಲಕ್ಕಿಂತ ಬೇಗ ನಿಲ್ಲುತ್ತದೆ, ಅಲ್ಲಿ ಒಂದು ಕೆಜಿ ಏರಿದರೂ ಸಂತೋಷಪಡಿ. ಡಂಬಲ್ಸ್ ಬಳಸುವಾಗ ಭಾರ ಏರಿಸುವ ಬದಲು ಎಣಿಕೆ ಏರಿಸಿ: 10 ಕೆಜಿಯಲ್ಲಿ 8ರ ಮೂರು ಸೆಟ್‌ನಿಂದ ಶುರು ಮಾಡಿ, ಮೂರೂ ಸೆಟ್ಟಿನಲ್ಲಿ 12 ಬಂದ ಮೇಲಷ್ಟೇ 12.5 ಕೆಜಿ ಎತ್ತಿಕೊಂಡು ಮತ್ತೆ 8ಕ್ಕೆ ಇಳಿಯಬೇಕು. ಕೊನೆಯ ರೆಪ್ ಮುಗಿದಾಗ ಇನ್ನೊಂದೆರಡು ಆಗುತ್ತಿತ್ತು ಅನ್ನಿಸುವಲ್ಲಿ ನಿಲ್ಲಿಸುವುದು ಸರಿಯಾದ ಜಾಗ. ಪ್ರತಿ ಸೆಟ್ಟನ್ನೂ ಕೈ ಸೋಲುವವರೆಗೆ ಎಳೆದರೆ ಮುಂದಿನ ಎರಡು ದಿನದ ಚೇತರಿಕೆ ಅದಕ್ಕೇ ಖರ್ಚಾಗುತ್ತದೆ.

ಡೆಡ್‌ಲಿಫ್ಟ್ ಬಗ್ಗೆ ಸ್ವಲ್ಪ ಹತ್ತಿರದಿಂದ ಹೇಳಬೇಕು. 'ಡೆಡ್‌ಲಿಫ್ಟ್ ಮಾಡಿ ಸೊಂಟ ಹಿಡ್ಕೊಂಡಿತು' ಎನ್ನುವ ಮಾತು ಬಹಳ ಕೇಳಿಬರುತ್ತದೆ. ಎಷ್ಟೋ ಸಲ ತಪ್ಪು ಎತ್ತಿದವರದ್ದಲ್ಲ, ಪ್ಲೇಟಿನದ್ದು. ಸ್ಪರ್ಧೆಯಲ್ಲಿ ಬಳಸುವ ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂಟಿಮೀಟರ್. ಅದನ್ನು ಹಾಕಿ ನೆಲದ ಮೇಲಿಟ್ಟರೆ ರಾಡಿನ ನಡು ನೆಲದಿಂದ 22.5 ಸೆಂಟಿಮೀಟರ್ ಮೇಲಿರುತ್ತದೆ. ಹೊಸಬರು ಹಾಕುವುದು ಹತ್ತು ಕೆಜಿಯ ಕಬ್ಬಿಣದ ಪ್ಲೇಟು, ಅದು ಎಷ್ಟೋ ಚಿಕ್ಕದು. ಹಾಗಾಗಿ ರಾಡು ಕಣಕಾಲಿನ ಹತ್ತಿರಕ್ಕೆ ಇಳಿಯುತ್ತದೆ, ಅದನ್ನು ಹಿಡಿಯಲು ಬಗ್ಗುವಾಗ ಬೆನ್ನು ಬಿಲ್ಲಾಗುತ್ತದೆ. ಭಾರ ಕಡಿಮೆ ಇರುವವರೇ ಹೆಚ್ಚು ಬಗ್ಗಬೇಕಾಗಿ ಬರುವ ವಿಚಿತ್ರ ಇದು. ಪರಿಹಾರ ಸುಲಭ: ಎರಡೂ ಕಡೆ ಪ್ಲೇಟಿನ ಕೆಳಗೆ ದಪ್ಪ ಹಲಗೆಯನ್ನೋ, ಬಳಸದ ಪ್ಲೇಟುಗಳನ್ನೋ ಅಡ್ಡ ಪೇರಿಸಿ ರಾಡನ್ನು ಮೊಣಕಾಲಿನ ಅರ್ಧಕ್ಕೆ, ಅಂದರೆ ಮಂಡಿಗೂ ಪಾದಕ್ಕೂ ನಡುವಿನ ಮಟ್ಟಕ್ಕೆ ತನ್ನಿ. ಅಷ್ಟೂ ಇಲ್ಲದಿದ್ದರೆ ರಾಡು ಇಡುವ ಚೌಕಟ್ಟಾದ ರ‍್ಯಾಕ್‌ನ ಸುರಕ್ಷತಾ ಕಂಬಿಯ ಮೇಲೆ ಇಟ್ಟು ಎತ್ತಿ.

ನಿಲ್ಲುವಾಗ ರಾಡು ಪಾದದ ನಡುಭಾಗದ ಮೇಲೆ ಬರಬೇಕು, ಅಂದರೆ ಕಾಲಿನ ಮೂಳೆಯಿಂದ ಒಂದು ಅಂಗುಲ ದೂರ. ಬೆರಳ ತುದಿಯ ಹತ್ತಿರವಲ್ಲ. ರಾಡು ಅಲ್ಲಾಡದಂತೆ ಬಗ್ಗಿ ಕಾಲಿನ ಹೊರಗಡೆ ಹಿಡಿಯಿರಿ, ಮಂಡಿ ಬಾಗಿಸಿ ಕಾಲಿನ ಮೂಳೆ ರಾಡಿಗೆ ತಾಗುವಂತೆ ಮಾಡಿ, ಎದೆ ಮೇಲೆತ್ತಿ, ಕಂಕುಳಲ್ಲಿ ಪೇಪರ್ ಸಿಕ್ಕಿಸಿಕೊಂಡ ಹಾಗೆ ತೋಳನ್ನು ಪಕ್ಕೆಗೆ ಒತ್ತಿ. ಹೊಟ್ಟೆಗೆ ಉಸಿರು ತುಂಬಿ ಬಿಗಿ ಮಾಡಿ. ಆಮೇಲೆ ರಾಡನ್ನು ಕಿತ್ತೆಳೆಯಬೇಡಿ. ಮೊದಲು ಅದು ಪ್ಲೇಟಿನ ತೂತಿಗೆ ತಾಗಿ 'ಟಕ್' ಎನ್ನುವಷ್ಟು ಎಳೆದು ಬಿಗಿ ತಂದುಕೊಂಡು, ನೆಲವನ್ನು ಕಾಲಿನಿಂದ ಕೆಳಗೆ ತಳ್ಳಿ. ರಾಡು ಕಾಲಿಗೆ, ತೊಡೆಗೆ ಒರೆಸಿಕೊಂಡೇ ಬರಬೇಕು. ಒಂದು ಗೇಣು ದೂರ ಹೋದರೂ ಆ ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಮೆತ್ತನೆಯ ಓಟದ ಶೂ ಬಿಚ್ಚಿಡಿ, ಬರಿಗಾಲು ಇಲ್ಲವೇ ಚಪ್ಪಟೆ ತಳದ ಶೂ ಒಳ್ಳೆಯದು.

ಸ್ಕ್ವಾಟ್‌ನಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಕುಕ್ಕರಗಾಲಿನಲ್ಲಿ ಕೂತು ಬೆಳೆದವರ ಕಣಕಾಲು, ಸೊಂಟ ಪೂರ್ತಿ ಬಾಗುತ್ತವೆ. ಹತ್ತು ವರ್ಷ ಕುರ್ಚಿಯಲ್ಲಿ ಕೂತ ಮೇಲೆ ಅದು ಹೋಗಿರುತ್ತದೆ, ಆದರೆ ದಿನಾ ಎರಡು ನಿಮಿಷ ಬಾಗಿಲ ಚೌಕಟ್ಟು ಹಿಡಿದು ಕುಕ್ಕರುಗಾಲಲ್ಲಿ ಕೂತರೆ ಸುಮಾರಾಗಿ ವಾಪಸ್ ಬರುತ್ತದೆ. ರಾಡು ಕುತ್ತಿಗೆಯ ಮೂಳೆಯ ಮೇಲೆ ಕೂರಬಾರದು, ಅದಕ್ಕಿಂತ ಕೆಳಗೆ ಹೆಗಲ ಮಾಂಸದ ಮೇಲೆ ಕೂರಬೇಕು. ಪಾದ ಸ್ವಲ್ಪ ಹೊರಕ್ಕೆ ತಿರುಗಿರಲಿ, ಮಂಡಿ ಅದೇ ದಿಕ್ಕಿಗೆ ಹೋಗಲಿ. ಮೇಲೇಳುವಾಗ ಮಂಡಿ ಒಳಕ್ಕೆ ಕೂಡುತ್ತಿದ್ದರೆ, ಹಿಮ್ಮಡಿ ಏಳುತ್ತಿದ್ದರೆ, ಸೊಂಟ ಮೊದಲು ಎದ್ದು ಎದೆ ಹಿಂದುಳಿಯುತ್ತಿದ್ದರೆ ಭಾರ ಹೆಚ್ಚಾಯಿತೆಂದೇ ಅರ್ಥ. ಪಕ್ಕದಿಂದ ಮೊಬೈಲ್‌ನಲ್ಲಿ ಒಂದು ಸೆಟ್ ರೆಕಾರ್ಡ್ ಮಾಡಿದರೆ ಇದೆಲ್ಲ ಕಾಣುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ. 'ಮಂಡಿ ಬೆರಳು ದಾಟಬಾರದು' ಎಂಬ ಮಾತಿಗೆ ಗಂಟುಬೀಳಬೇಡಿ. ಉದ್ದ ತೊಡೆಯವರ ಮಂಡಿ ದಾಟಿಯೇ ದಾಟುತ್ತದೆ, ಅದರಲ್ಲಿ ತಪ್ಪಿಲ್ಲ.

ಬೆಂಚ್ ಪ್ರೆಸ್‌ನಲ್ಲಿ ಒಂದೇ ಒಂದು ಎಚ್ಚರಿಕೆ, ಉಳಿದದ್ದು ಕಲಿಯಬಹುದು. ಹೆಬ್ಬೆರಳನ್ನು ರಾಡಿನ ಸುತ್ತ ಸುತ್ತಿ ಹಿಡಿಯಬೇಕು. ಐದೂ ಬೆರಳು ಒಂದೇ ಕಡೆ ಇಟ್ಟು ಎತ್ತುವಾಗ ರಾಡು ಅಂಗೈಯಿಂದ ಜಾರಿದರೆ ಬೀಳುವುದು ಎದೆಯ ಮೇಲೆ ಅಥವಾ ಕತ್ತಿನ ಮೇಲೆ. ಒಬ್ಬರೇ ಇದ್ದರೆ ರ‍್ಯಾಕ್‌ನ ಕಂಬಿಗಳ ನಡುವೆ ಬೆಂಚ್ ಹಾಕಿಕೊಳ್ಳಿ, ಇಲ್ಲವೇ ಡಂಬಲ್ಸ್‌ನಲ್ಲೇ ಮಾಡಿ.

ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಉಸಿರು ಬಿಗಿಹಿಡಿದು ಎತ್ತುವ ಮೊದಲು ವೈದ್ಯರನ್ನು ಕೇಳಬೇಕು, ಭಾರ ಹಗುರ ಮಾಡಿ ಎತ್ತುವಾಗ ಉಸಿರು ಬಿಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವವರ ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿಯೋ ನಾಲ್ಕು ಚಮಚ ಸಕ್ಕರೆಯೋ ಇರಲೇಬೇಕು. ಎದೆ ಬಿಗಿದರೆ, ಎಡತೋಳಿಗೆ ಇಲ್ಲವೇ ದವಡೆಗೆ ನೋವು ಹರಿದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಇರಬಹುದೆಂದು ಸೋಡಾ ಕುಡಿದು ಕಾಯುವಂತಿಲ್ಲ.

ಇನ್ನು ಊಟ. ಕಬ್ಬಿಣದ ಪ್ಲೇಟಿನ ಲೆಕ್ಕವೇ ತಟ್ಟೆಗೂ ಅನ್ವಯಿಸುತ್ತದೆ, ಆದರೆ ತಟ್ಟೆಯನ್ನು ಯಾರೂ ತೂಗಿ ನೋಡಿರುವುದಿಲ್ಲ.

70 ಕೆಜಿ ತೂಕದ, ಹಳೆ ಮೈಸೂರು ಕಡೆಯ ಒಬ್ಬರ ದಿನದ ಊಟ ತೆಗೆದುಕೊಳ್ಳಿ. ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ, ಕಾಫಿ: ಪ್ರೋಟೀನ್ ಸುಮಾರು 10 ಗ್ರಾಂ. ಮಧ್ಯಾಹ್ನ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 7, ಅನ್ನದಲ್ಲಿ 6, ಸಾರಿನಲ್ಲಿ 6, ಮಜ್ಜಿಗೆಯಲ್ಲಿ 2. ಸಂಜೆ ಟೀ, ಬಿಸ್ಕೆಟ್‌ನಿಂದ 3. ರಾತ್ರಿ ಮೂರು ಚಪಾತಿ, ಪಲ್ಯ, ಕೊನೆಗೊಂದಿಷ್ಟು ಮೊಸರನ್ನ, ಎಲ್ಲ ಸೇರಿ 19. ಒಟ್ಟು 53. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು ಮೈತೂಕದ ಪ್ರತಿ ಕೆಜಿಗೆ 0.83 ಗ್ರಾಂ, 70 ಕೆಜಿಯವರಿಗೆ 58 ಗ್ರಾಂ. ಹಾಗಾಗಿ ಈ ಊಟ ತೀರಾ ಕೊರತೆಯದೇನಲ್ಲ. ಆದರೆ ಅದು ಭಾರ ಎತ್ತದವರ ಲೆಕ್ಕ. ಭಾರ ಎತ್ತಿ ಸ್ನಾಯು ಬೆಳೆಸಬೇಕಾದವರಿಗೆ ಕೆಜಿಗೆ 1.6 ಗ್ರಾಂವರೆಗೂ ಉಪಯೋಗ ಕಾಣುತ್ತದೆ, ಅದರಾಚೆ ಹೆಚ್ಚಿನ ಲಾಭವಿಲ್ಲ ಎಂಬುದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2018ರ ವಿಶ್ಲೇಷಣೆಯಿಂದ ತಿಳಿದ ವಿಷಯ. 1.4ರಿಂದ 1.6 ಎಂದಿಟ್ಟುಕೊಂಡರೆ 98ರಿಂದ 112 ಗ್ರಾಂ. ಅರ್ಧಕ್ಕರ್ಧ ಕೊರತೆ.

'ಸಾರಿನಲ್ಲಿ ಬೇಳೆ ಇದೆಯಲ್ಲ' ಎನ್ನುವವರಿಗಾಗಿ ಒಂದು ಮಾತು. ನಾಲ್ಕು ಜನರ ಸಾರಿಗೆ ಒಂದು ಲೋಟ ತೊಗರಿಬೇಳೆ ಹಾಕಿದರೆ ತಲಾ 25ರಿಂದ 30 ಗ್ರಾಂ ಬೇಳೆ. ನೂರು ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್ ಇದ್ದರೂ ತಟ್ಟೆಗೆ ಬರುವುದು ಆರೇ. ಅದರಲ್ಲೂ ಪಾತ್ರೆಯ ಮೇಲಿನ ತಿಳಿಯನ್ನು ಬಡಿಸಿಕೊಂಡು ತಳದ ಗಟ್ಟಿ ಬಿಟ್ಟರೆ ಆರೂ ಇಲ್ಲ. ಬಸ್ಸಾರಿನಲ್ಲಿ ಇದು ಇನ್ನೂ ಸ್ಪಷ್ಟ: ಕಾಳು, ಸೊಪ್ಪು ಬೇಯಿಸಿ ನೀರು ಬಸಿದು ಸಾರು ಮಾಡುತ್ತೇವೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಗಂಡಸರು ಮುದ್ದೆಗೆ ಸಾರು ಸುರಿದುಕೊಂಡು ಪಲ್ಯವನ್ನು ಎರಡು ಬೆರಳಲ್ಲಿ ನೆಂಚಿಕೊಳ್ಳುತ್ತಾರೆ. ಹುರುಳಿ ಕಟ್ಟಿನ ಸಾರಿನದೂ ಅದೇ ಕತೆ. ಶಕ್ತಿಯೆಲ್ಲ ಕಟ್ಟಿನಲ್ಲಿದೆ ಎಂದು ಕಟ್ಟು ಕುಡಿದು, ಬೆಂದ ಹುರುಳಿಯನ್ನು ದನಕ್ಕೆ ಹಾಕುವ ಮನೆಗಳಿವೆ. ನೂರು ಗ್ರಾಂ ಹುರುಳಿಯಲ್ಲಿರುವ ಸುಮಾರು 22 ಗ್ರಾಂ ಪ್ರೋಟೀನಿನ ದೊಡ್ಡ ಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. ಒಗ್ಗರಣೆ ಹಾಕಿ, ತೆಂಗಿನತುರಿ ಉದುರಿಸಿ ಉಸ್ಲಿ ಮಾಡಿದರೆ ಅದು ತಟ್ಟೆಗೇ ಬರುತ್ತದೆ. ಕಟ್ಟಿನ ರುಚಿಯನ್ನು ಬಿಡಿ ಎಂದು ಯಾರಿಗೂ ಹೇಳಲಾರೆ. ಕಾಳನ್ನು ಬಿಡಬೇಡಿ ಎಂದಷ್ಟೇ ಹೇಳುವುದು.

50 ಗ್ರಾಂ ಕೊರತೆ ತುಂಬುವುದು ಹೀಗೆ. ಬೆಳಿಗ್ಗೆ ಇಡ್ಲಿಯ ಜೊತೆ ಮೂರು ಬೇಯಿಸಿದ ಮೊಟ್ಟೆ, 18 ಗ್ರಾಂ. ಹಸಿಮೊಟ್ಟೆ ಒಡೆದು ಕುಡಿಯುವುದರಿಂದ ನಷ್ಟವೇ: ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ದೇಹಕ್ಕೆ ಸೇರಿದರೆ, ಹಸಿಯದರಲ್ಲಿ ಸೇರುವುದು ಅರ್ಧದಷ್ಟೇ. ಮಧ್ಯಾಹ್ನ ಅನ್ನ ಅರ್ಧ ಮಾಡಿ 40 ಗ್ರಾಂ ಒಣಕಾಳಿನ ಉಸ್ಲಿ, 9 ಗ್ರಾಂ. ಸಂಜೆ ಬಿಸ್ಕೆಟ್ ಬದಲು ಒಂದು ಹಿಡಿ ಹುರಿಗಡಲೆ, ಒಂದು ಲೋಟ ಹಾಲು, ಎರಡೂ ಸೇರಿ 14. ರಾತ್ರಿ ಮೊಸರನ್ನದ ಅನ್ನ ಕಡಿಮೆ ಮಾಡಿ, 40 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯವೋ, ನೂರು ಗ್ರಾಂ ಪನೀರೋ, ಮಾಂಸ ತಿನ್ನುವವರಾದರೆ ನೂರು ಗ್ರಾಂ ಮೂಳೆ ತೆಗೆದ ಕೋಳಿಯೋ ಇರಲಿ. ಯಾವುದಾದರೂ 18ರಿಂದ 22 ಗ್ರಾಂ. ಕಡಿಮೆ ಮಾಡಿದ ಅನ್ನದಲ್ಲಿ ಹೋಗುವ ಐದಾರು ಗ್ರಾಂ ಕಳೆದರೂ ದಿನದ ಮೊತ್ತ 105ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇವೆ. ತಿನ್ನುವ ಭಾಗದ ನೂರು ಗ್ರಾಂನಲ್ಲಿ 20 ಗ್ರಾಂ ಹತ್ತಿರ ಪ್ರೋಟೀನ್, ಜೊತೆಗೆ ಒಳ್ಳೆಯ ಕೊಬ್ಬು. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಜೊತೆ ಕಾಳುಪಲ್ಯ ಮೊದಲೇ ಇದೆ, ಅದನ್ನು ಎರಡು ಸೌಟು ಹೆಚ್ಚು ಮಾಡಿದರೆ ಅರ್ಧ ಕೆಲಸ ಆದಂತೆ. ಸೋಯಾ ತಿಂದರೆ ಗಂಡಸುತನ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಊಟದ ಪ್ರಮಾಣದಲ್ಲಿ ತಿಂದ ಸೋಯಾ ಟೆಸ್ಟೋಸ್ಟೆರಾನ್ ಇಳಿಸುವುದು ಅಧ್ಯಯನಗಳಲ್ಲಿ ಕಂಡಿಲ್ಲ.

ಶೇಂಗಾವನ್ನು ಪ್ರೋಟೀನ್ ಎಂದು ಲೆಕ್ಕ ಹಿಡಿಯುವವರು ಒಂದು ವಿಷಯ ನೋಡಬೇಕು. 25 ಗ್ರಾಂ ಪ್ರೋಟೀನಿಗೆ ನೂರು ಗ್ರಾಂ ಶೇಂಗಾ ಬೇಕು, ಅದರ ಜೊತೆ 550 ಕ್ಯಾಲೊರಿ ಬರುತ್ತದೆ. ಅದು ಮೊದಲು ಎಣ್ಣೆಕಾಳು, ಆಮೇಲೆ ಪ್ರೋಟೀನ್. ಸಣಕಲು ಹುಡುಗರಿಗೆ ತೂಕ ಏರಿಸಲು ಶೇಂಗಾ, ಬಾಳೆಹಣ್ಣು, ಬೆಲ್ಲಕ್ಕಿಂತ ಒಳ್ಳೆಯ ಅಗ್ಗದ ದಾರಿ ಇನ್ನೊಂದಿಲ್ಲ. ಹೊಟ್ಟೆ ಕರಗಿಸಬೇಕಾದವರಿಗೆ ಅಲ್ಲ.

ಈ ಬದಲಾವಣೆಯನ್ನೂ ಒಂದೇ ದಿನ ಮಾಡಬಾರದು. ಕಾಳು ತಿಂದು ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಗೇ ನೂರು ಗ್ರಾಂ ಬಿದ್ದರೆ ಉಬ್ಬರ, ವಾಯು, ಸಭೆಯಲ್ಲಿ ಕೂರಲಾಗದ ಪಾಡು. ಮೂರು ದಿನ ಹಾಗಾದರೆ ಕಾಳೇ ಬೇಡವೆಂದು ಬಿಡುತ್ತಾರೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೊದಲ ವಾರ ದಿನಕ್ಕೆ 20 ಗ್ರಾಂ ಒಣಕಾಳು, ಮುಂದಿನ ವಾರ 30, ಆಮೇಲೆ 40. ಒಂದೂಕಾಲು ಕೆಜಿ ಪ್ಲೇಟಿನ ಹಾಗೇ.

ಹೊಟ್ಟೆ ಇರುವವರು ಮೊದಲು ಟೇಪು ತೆಗೆದುಕೊಳ್ಳಲಿ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಿಕೆಯ ಗಂಟೆ. ಪಾಶ್ಚಾತ್ಯರಿಗೆ ಹೇಳುವ 102 ನಮಗಲ್ಲ. ತೆಳ್ಳಗೆ ಕಾಣುವ ಮೈಯಲ್ಲೂ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವ ನಮ್ಮವರ ಸ್ವಭಾವವನ್ನು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯು. ಸಕ್ಕರೆ ಕಾಯಿಲೆ ಮನೆತನದಲ್ಲೇ ಇರುವವರಿಗೆ ತೊಡೆ, ಬೆನ್ನು ಗಟ್ಟಿ ಮಾಡಿಕೊಳ್ಳುವುದು ಚೆಂದದ ಮಾತಲ್ಲ, ಆರೋಗ್ಯದ ಮಾತು. ತೂಕ ಇಳಿಸುವವರು ವಾರಕ್ಕೆ ಅರ್ಧ ಕೆಜಿಗಿಂತ ಅವಸರ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಇತ್ತ ಸ್ನಾಯು ಬೆಳೆಯುವುದು ಹೊಸಬರಿಗೂ ತಿಂಗಳಿಗೆ ಅರ್ಧದಿಂದ ಒಂದು ಕೆಜಿ. ಮೂರು ತಿಂಗಳಲ್ಲಿ ಹತ್ತು ಕೆಜಿ ಮಾಂಸ ಏರಿಸಿಕೊಡುತ್ತೇನೆ ಎನ್ನುವವರ ಕೈಗೆ ದುಡ್ಡು ಕೊಡಬೇಡಿ.

ಡಬ್ಬಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವೇ ಪ್ರೋಟೀನ್ ಹಾಲಿನಿಂದಲೇ ಬಂದದ್ದು, ಒಂದು ಸ್ಕೂಪಿನಲ್ಲಿ 24 ಗ್ರಾಂ ಹತ್ತಿರ ಪ್ರೋಟೀನ್. ಊಟದಲ್ಲಿ ಕೊರತೆ ಉಳಿದರೆ ಮಾತ್ರ ಬೇಕು. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದೆಯೇ ನೋಡಿ, ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸೀನ್, ಟಾರೀನ್‌ನಂಥ ಬಿಡಿ ಅಮೈನೋ ಆಮ್ಲಗಳನ್ನು ಸೇರಿಸಿ ಪ್ರೋಟೀನ್ ಅಂಕಿ ಉಬ್ಬಿಸಿದ್ದಾರೆಯೇ ನೋಡಿ. ತೂಕ ಏರಿಸಲೆಂದು ಮಾರುವ ಮಾಸ್ ಗೇನರ್‌ನಲ್ಲಿ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ. ಆ ದುಡ್ಡಿಗೆ ಎಷ್ಟೋ ಡಜನ್ ಬಾಳೆಹಣ್ಣು ಬರುತ್ತದೆ. 'ಸಣ್ಣ ಕೋರ್ಸ್ ಮಾಡೋಣ' ಎಂದು ಟ್ರೇನರ್ ಇಂಜೆಕ್ಷನ್ ಮಾತು ತೆಗೆದರೆ ಆ ಟ್ರೇನರ್‌ನನ್ನೇ ಬಿಡಬೇಕು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದ ಕೂಡಲೇ ದೇಹ ತನ್ನದನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಕುಸಿಯುತ್ತದೆ. ಮದುವೆಯಾಗಿ ಮಕ್ಕಳಿಗಾಗಿ ಆಸ್ಪತ್ರೆ ಅಲೆಯುವಾಗ ಆ 'ಸಣ್ಣ ಕೋರ್ಸ್' ನೆನಪಾಗುತ್ತದೆ.

ಬಲ ಹೆಚ್ಚಿಸಲೆಂದು ಮಾರುವ ಪುಡಿಗಳಲ್ಲಿ ಕ್ರಿಯಾಟಿನ್ ಹೇಳಿದ ಕೆಲಸ ಮಾಡುವಂಥದ್ದು. ಮೊನೋಹೈಡ್ರೇಟ್ ಎಂಬ ಸಾದಾ ಬಗೆ, ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಮೊದಲ ವಾರಗಳಲ್ಲಿ ಒಂದು ಕೆಜಿಯಷ್ಟು ತೂಕ ಏರಬಹುದು, ಅದು ಸ್ನಾಯುವಿನೊಳಗೆ ನಿಂತ ನೀರು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇನ್ನೊಂದು ವಿಷಯ ಮೊದಲೇ ಗೊತ್ತಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ: ಕ್ರಿಯಾಟಿನ್ ತೆಗೆದುಕೊಳ್ಳುವವರ ರಕ್ತಪರೀಕ್ಷೆಯಲ್ಲಿ, ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚು ತೋರಿಸಬಹುದು. ಕ್ರಿಯಾಟಿನ್ ಒಡೆದೇ ಕ್ರಿಯಾಟಿನಿನ್ ಆಗುವುದರಿಂದ, ಆ ಅಂಕಿ ನೋಡಿದ ಕೂಡಲೇ ಕಿಡ್ನಿ ಕೆಟ್ಟಿತೆಂದು ಅರ್ಥವಲ್ಲ. ಪುಡಿ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಹೇಳಿ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಇದೆ, ಅದು ಕ್ರಿಯಾಟಿನ್‌ನಿಂದ ಏರುಪೇರಾಗುವುದಿಲ್ಲ.

ಎಷ್ಟು ಜೋಪಾನ ಮಾಡಿದರೂ ಭಾರ ಒಂದು ದಿನ ನಿಂತೇ ನಿಲ್ಲುತ್ತದೆ. ಬೆಂಚ್ 52.5ರಲ್ಲಿ ಮೂರು ಸಲ ಸತತ ಸೋತಿತು ಎಂದಿಟ್ಟುಕೊಳ್ಳಿ. ಮೊದಲು, ದಿನದ ನಿದ್ದೆ, ಊಟ, ಮೈತೂಕ ಬರೆದಿಟ್ಟುಕೊಳ್ಳಬೇಕಾದ ನೋಟ್‌ಬುಕ್ಕಿನ ಅಂಚು ನೋಡಿ: ಆ ಮೂರು ದಿನದ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಬೆಳಗಿನ ಮೊಟ್ಟೆ ತಪ್ಪಿತೇ, ಮೈತೂಕ ಇಳಿಯುತ್ತಿದೆಯೇ. ಏಳು ಗಂಟೆ ನಿದ್ದೆ ಇಲ್ಲದಿದ್ದರೆ ಪ್ಲೇಟಿನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಅವೆಲ್ಲ ಸರಿಯಿದ್ದೂ ಸೋತಿದ್ದರೆ ಶೇ 10 ಇಳಿಸಿ 47.5ಕ್ಕೆ ಬನ್ನಿ, ಅಲ್ಲಿಂದ ಈ ಸಲ ಒಂದೊಂದೇ ಕೆಜಿ ಏರಿಸಿ. ಐದನೆಯ ಸಲ ಅದೇ ಗೋಡೆಯ ಮುಂದೆ ನಿಂತಿರುತ್ತೀರಿ, ಬಹಳ ಜನರಿಗೆ ಆಗ ಅದು ದಾಟುತ್ತದೆ.

ಅರ್ಧ ಕೆಜಿ ಪ್ಲೇಟು ಜಿಮ್‌ನಲ್ಲಿ ಸಿಗದಿದ್ದರೆ ಗುಜರಿ ಅಂಗಡಿಗೆ ಹೋಗಿ. ಒಲಿಂಪಿಕ್ ರಾಡಿಗಾದರೆ ಒಳತೂತು 50 ಮಿಲಿಮೀಟರ್‌ಗಿಂತ ತುಸು ದೊಡ್ಡದಿರುವ ದಪ್ಪ ಕಬ್ಬಿಣದ ವಾಷರ್ ಹುಡುಕಿ, ತೆಳ್ಳನೆಯ ರಾಡಿಗಾದರೆ ಅದರ ದಪ್ಪ ಅಳೆದುಕೊಂಡು ಹೋಗಿ. ವಾಷರ್ ಸಿಗದಿದ್ದರೆ ಕಬ್ಬಿಣದ ಸರಪಳಿಯ ಎರಡು ಸಮ ತುಂಡು ಕತ್ತರಿಸಿಕೊಳ್ಳಬಹುದು. ರಾಡಿನ ತುದಿಗೆ ಸುತ್ತಿ ಕೊಕ್ಕೆ ಹಾಕಿದರೆ ಆಯಿತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ಬೇರೆ ಬೇರೆ ತೂಗಿಸಿ, 500 ಗ್ರಾಂಗೆ ಹತ್ತಿಪ್ಪತ್ತು ಗ್ರಾಂ ಆಚೀಚೆ ಇದ್ದರೂ ಎರಡೂ ಒಂದೇ ತೂಕವಿರಲಿ. ತೂಕವನ್ನು ಬಿಳಿ ಪೇಂಟಿನಲ್ಲಿ ಅದರ ಮೇಲೆಯೇ ಬರೆದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ.